ಅಕ್ಕನ ಕರುಳಿಗೆ ಇಳಿಸಿದ ದೀಪ

ಬೆಳಿಗ್ಗೆ ಬೀಟ್‌ರೂಟ್ ಹೆಚ್ಚುತ್ತಿದ್ದೆ. ಬೆರಳಿಗೆ ಹತ್ತಿದ ಕೆಂಪು ತೊಳೆದರೂ ಹೋಗದಿದ್ದಾಗ ಅಕ್ಕನ ನೆನಪಾಯಿತು. ಒಂದು ಕಾಲಕ್ಕೆ ಮೈಯಲ್ಲಿ ರಕ್ತ ಹೆಚ್ಚಲೆಂದು ಅವಳಿಗೆ ಈ ಗಡ್ಡೆಯನ್ನು ಅದೆಷ್ಟು ತಿನ್ನಿಸಿದ್ದೆನೆಂದರೆ, ಗದಗಿನಿಂದ ನನ್ನ ಚೀಲ ಬಂತೆಂದರೆ ಅವಳು ಮುಖ ತಿರುಗಿಸುತ್ತಿದ್ದಳು. ವೈದ್ಯಕೀಯ ತಿಳಿಯದ ನನಗೆ ಡಾಕ್ಟರಿಗಿಂತ ಧೈರ್ಯ ಜಾಸ್ತಿ ನೋಡಿ.

ಅಕ್ಕ ಶಿರಹಟ್ಟಿಯಲ್ಲಿ ಖಾನಾವಳಿ ನಡೆಸುತ್ತಾಳೆ. ಅವಳು ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಹಸಿವಾಗಬೇಕು. ಅಂಥವಳು ಆಗ ಎರಡೇ ರೊಟ್ಟಿ ಬಡಿದು ಗೋಡೆಗೆ ಒರಗತೊಡಗಿದಳು. ಮುಖ ಬಿಳಿಚಿತು. ರಕ್ತ ಏರಿಸಿದರೆ ಒಂದಿಷ್ಟು ದಿನ ನೆಟ್ಟಗೆ, ಮತ್ತೆ ಅದೇ. ಬಾಯಿಂದ ಕ್ಯಾಮೆರಾದ ನಳಿಗೆ ಇಳಿಸಿ ನೋಡಿದರು, ಕೆಳಗಿನಿಂದಲೂ ನೋಡಿದರು. ಏನೂ ಸಿಗಲಿಲ್ಲ. ರಿಪೋರ್ಟು ಚೆನ್ನಾಗಿ ಬಂದಷ್ಟೂ ಅವಳ ಪಾಡು ಕಷ್ಟವಾಯಿತು. “ಏನೂ ಇಲ್ಲಂದ್ರ ಮತ್ತ ಯಾಕ ಮಲಕೊಂತಿ?” ಎಂದು ಅವಳ ಅತ್ತೆ ಕೇಳಿದ ದಿನ ಅಕ್ಕ ನನಗೆ ಫೋನ್ ಮಾಡಿ, “ನನಗೂ ಹಂಗ ಅನಸಾಕ ಹತ್ತೇತಿ. ನಾನ ನಾಟಕ ಮಾಡಾಕತ್ತೇನೇನ?” ಅಂದಳು.

ಕೊನೆಗೆ ಗದಗಿನ ಸರ್ಜನ್ ಒಬ್ಬರು ನಮ್ಮನ್ನು ಕೂರಿಸಿಕೊಂಡು ಹೇಳಿದರು: “ಸಣ್ಣ ಕರುಳಿನ್ಯಾಗ ಎಲ್ಲೋ ರಕ್ತ ಸೋರಾಕತ್ತೈತ್ರಿ. ಹೊರಗಿಂದ ನಳಿಗಿ ಅಲ್ಲಿತನಕ ಮುಟ್ಟವಲ್ದು. ಹೊಟ್ಟಿ ಕೊಯ್ದು, ಕರುಳಿಗೆ ಸಣ್ಣ ತೂತು ಮಾಡಿ, ಅಲ್ಲಿಂದ ಕ್ಯಾಮೆರಾ ಬಿಟ್ಟು ನೋಡಬೇಕು. ಆಗ್ಲೂ ಸಿಗದ ಇರಬಹುದು.”

ಭಾವ ನನ್ನ ಮುಖ ನೋಡಿದರು, ನಾನು ಫ್ಯಾನು ನೋಡಿದೆ. ಅಕ್ಕ ಮಾತ್ರ, “ಕೊಯ್ರಿ. ಐತೋ ಇಲ್ಲೋ ನನಗ ಗೊತ್ತಾಗಬೇಕು” ಅಂದಳು.

ಆಪರೇಷನ್ ಕೋಣೆಯೊಳಗೆ ನಡೆದದ್ದನ್ನು ಡಾಕ್ಟರು ಆಮೇಲೆ ಹೇಳಿದರು. ಕೋಣೆಯ ದೀಪ ಮಂದ ಮಾಡಿ, ಲಂಗಕ್ಕೆ ಲಾಡಿ ಏರಿಸುವಾಗ ಬಟ್ಟೆ ಸರಿಸುತ್ತೇವಲ್ಲ, ಹಾಗೆ ಕರುಳನ್ನು ನಳಿಗೆಯ ಮೇಲೆ ನಿಧಾನಕ್ಕೆ ಸರಿಸುತ್ತ ಹೋದರಂತೆ. ಒಳಗಿನ ಬೆಳಕು ಹೊರಕ್ಕೆ ಕೆಂಪಗೆ ಕಾಣುತ್ತಿತ್ತಂತೆ. ಒಂದು ಕಡೆ ಸಾಸಿವೆಯಷ್ಟು ಜಾಗದಲ್ಲಿ ರಕ್ತನಾಳ ಕೆಟ್ಟು ಒಸರುತ್ತಿತ್ತು. ಅಷ್ಟು ತುಂಡು ತೆಗೆದು ಕರುಳು ಜೋಡಿಸಿ ಹೊಲಿದರು.

ಎಚ್ಚರವಾದ ಅಕ್ಕ ಕೇಳಿದ್ದು ಒಂದೇ. “ಖರೇನ ಇತ್ತಾ?”

“ಇತ್ತು. ಫೋಟೋ ತೋರಿಸ್ಯಾರ” ಅಂದೆ.

ನೋವಿಗೆ ಅಳದವಳು ಆಗ ಅತ್ತಳು. ಅತ್ತೆ ಸೆರಗಿನಿಂದ ಅವಳ ಕಣ್ಣೊರೆಸಿದರು.

ಇಷ್ಟೆಲ್ಲ ನೆನಪಾದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ, ಶಿರಹಟ್ಟಿ ಬಸ್ಸು ಹತ್ತಿದೆ. ಅಕ್ಕ ಮೊದಲಿನ ಹಾಗೆ ಒಲೆಯ ಮುಂದಿದ್ದಳು. ಕೆಲಸಕ್ಕೆ ಬರುವ ಶಾಂತವ್ವ ಹಿಟ್ಟು ನಾದುವುದನ್ನು ನಿಲ್ಲಿಸಿ, “ಡಾಕ್ಟರು ಏನಿಲ್ಲ ಅಂದಾರ್ರಿ ಅಕ್ಕಾರ, ಆದ್ರ ಕೈಕಾಲಾಗ ಶಕ್ತಿನ ಇಲ್ಲ” ಅಂದಳು. ನನ್ನ ನಾಲಗೆ ತುದಿಗೆ ಒಂದು ಔಷಧ ಬಂದೇಬಿಟ್ಟಿತ್ತು, ನುಂಗಿಕೊಂಡೆ. ಅಕ್ಕ ಕೈ ಒರೆಸಿಕೊಂಡು ಅವಳೆದುರು ಕೂತು, “ಏನೇನ ಆಗತೈತಿ, ಮೊದಲಿಂದ ಹೇಳು” ಅಂದಳು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಅವರಿಬ್ಬರೂ ಆ ಕಡೆ ನೋಡಲಿಲ್ಲ. ನಾನೇ ಎದ್ದು ಹೋಗಿ ತೆಗೆದೆ.