ಕಂಬ ಮಲಗಿದ ಹಡಗು

ನನ್ನ ಹೆಂಡತಿ ಕಟ್ಟಿದ ಹಡಗುಗಳಿಗೆ ನೀರಿನ ಋಣವಿಲ್ಲ. ಮದುವೆಯಾದಾಗಿನಿಂದ ಕಟ್ಟುತ್ತಲೇ ಇದ್ದಾಳೆ, ಎಲ್ಲವೂ ಊಟದ ಮೇಜಿನ ಪಕ್ಕದ ಗಾಜಿನ ಬೀರುವಿನಲ್ಲಿ ಲಂಗರು ಹಾಕಿ ನಿಂತಿವೆ. ಒಂದೊಂದೂ ಒಂದು ಮೊಳದೊಳಗೆ. ಮಹಾಯುದ್ಧದಲ್ಲಿ ಬೆನ್ನ ಮೇಲೆ ವಿಮಾನ ಹೊತ್ತು ತಿರುಗಿದ ಹಡಗುಗಳು ಅವು. ಪತ್ರಿಕೆಯವರು ವಿಮಾನವಾಹಕ ನೌಕೆ ಎಂದು ಬರೆಯುತ್ತಾರೆ, ನಮ್ಮ ಮನೆಯಲ್ಲಿ ಬರೀ ಹಡಗು. ನಾನು ಸಿಟಿ ಬಸ್ಸಿನ ಡ್ರೈವರ್. ದಿನವಿಡೀ ಓಡುವ ಗಾಡಿ ಓಡಿಸಿ ಬಂದು ಓಡದ ಹಡಗುಗಳ ನಡುವೆ ಊಟ ಮಾಡಬೇಕು ಎಂದು ಗೊಣಗುವುದು ನನ್ನ ಹಕ್ಕು, ಅದನ್ನು ಕಿವಿಗೆ ಹಾಕಿಕೊಳ್ಳದಿರುವುದು ಅವಳ ಹಕ್ಕು.

ಅವಳ ಕೆಲಸ ಹಲ್ಲಿನ ಲ್ಯಾಬಿನಲ್ಲಿ. ಡಾಕ್ಟರು ತೆಗೆದು ಕಳಿಸಿದ ಬಾಯಿಯ ಅಚ್ಚಿಗೆ ಮೇಣದಲ್ಲಿ ಹಲ್ಲುಗಳನ್ನು ಒಂದೊಂದಾಗಿ ಕೂರಿಸಿ ಸೆಟ್ ಮಾಡಿಕೊಡುತ್ತಾಳೆ. ಅವಳು ಕೂರಿಸಿದ ಹಲ್ಲಿನಲ್ಲಿ ಈ ಊರಿನ ಅರ್ಧ ಮುದುಕರು ನಗುತ್ತಾರೆ, ಅವಳು ಮಾತ್ರ ಅಷ್ಟು ಸುಲಭಕ್ಕೆ ನಗುವವಳಲ್ಲ. ಅವಳಿಗೆ ಕೆಲಸ ಕಲಿಸಿದ ಹಿರಿಯರೊಬ್ಬರಿದ್ದರು, ಅವರನ್ನು ಮೇಷ್ಟ್ರು ಎನ್ನುತ್ತಿದ್ದಳು. ಹೊಸದರಲ್ಲಿ ಇವಳ ಕೈ ನಡುಗುವುದನ್ನು ಕಂಡು ಒಂದು ಹಡಗಿನ ಕಿಟ್ ತಂದುಕೊಟ್ಟು, "ಇದರ ಫಿರಂಗಿ ಅಂಟಿಸೋಕೆ ಬಂದ್ರೆ ಹಲ್ಲು ಕೂರಿಸೋದು ಏನು ಮಹಾ" ಎಂದಿದ್ದರಂತೆ. ಆ ಫಿರಂಗಿ ಅಕ್ಕಿಕಾಳಿಗಿಂತ ಚಿಕ್ಕದು. ಕೈನಡುಕ ಹೋಯಿತು, ಕಾಲಾಂತರದಲ್ಲಿ ಮೇಷ್ಟ್ರೂ ಹೋದರು, ಹಡಗಿನ ಹುಚ್ಚು ಮಾತ್ರ ಹೋಗಲಿಲ್ಲ.

ಕಿಟ್ ಎಂದರೆ ಒಂದು ಪೆಟ್ಟಿಗೆ. ಒಳಗೆ ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟು, ಆ ಕಡ್ಡಿಗಳಿಗೆ ಅಂಟಿಕೊಂಡ ನೂರಾರು ಚೂರುಗಳು. ಕತ್ತರಿಸಿ, ತೀಡಿ, ಅಂಟಿಸಿ, ಬಣ್ಣ ಹಚ್ಚಬೇಕು. ಕಟ್ಟುವುದಕ್ಕಿಂತ ಕಷ್ಟ ಸರಿಯಾದ ಕಿಟ್ ಹುಡುಕುವುದು. ಯುದ್ಧ ನಡೆದಷ್ಟು ಕಾಲವೂ ಆ ಹಡಗುಗಳಿಗೆ ಫಿರಂಗಿ ಸೇರಿಸುತ್ತ, ಕಿಟಕಿ ಮುಚ್ಚುತ್ತ, ಬಣ್ಣ ಬದಲಿಸುತ್ತ ಇದ್ದರಂತೆ. ಹಾಗಾಗಿ ಯಾವ ಹಡಗು ಎಂದರೆ ಸಾಲದು, ಯಾವ ವರ್ಷದ ಯಾವ ತಿಂಗಳ ಹಡಗು ಎಂದು ಹೇಳಬೇಕು. ಹಳೆಯ ಫೋಟೋಗಳನ್ನು ಹರಡಿಕೊಂಡು, ಡಿವೈಡರ್ ಹಿಡಿದು ಇವಳು ಮೊಸರಿನಲ್ಲಿ ಕಲ್ಲು ಹುಡುಕುತ್ತಾಳೆ. ಕಿಟ್ ತರಿಸಿಕೊಡುವವನು ಆಟದ ರೈಲು ಮಾರುವ ಅಂಗಡಿಯವನು, ನಾವು ಅವನನ್ನು ರೈಲಣ್ಣ ಎನ್ನುತ್ತೇವೆ. ಒಮ್ಮೆ ಅವನು ತರಿಸಿದ ಪೆಟ್ಟಿಗೆಯನ್ನು ಇವಳು ಅಂಗಡಿಯಲ್ಲೇ ಬಿಚ್ಚಿ ನೋಡಿ ವಾಪಸ್ ತಳ್ಳಿದಳು.

"ಈ ದುಂಡು ಕಿಟಕಿಗಳನ್ನ ಆ ವರ್ಷ ಮುಚ್ಚಿಬಿಟ್ಟಿದ್ರು," ಎಂದಳು.

"ನೀವೇ ಮುಚ್ಕೊಳ್ಳಿ ಅಕ್ಕ. ಒಂದು ಚೂರು ಪುಟ್ಟಿ ಮೆತ್ತಿದ್ರೆ ಆಯ್ತು."

"ಕಿಟಕಿ ಮುಚ್ತೀನಿ. ಹೊಟ್ಟೆ ಇರಬೇಕಾದ್ದಕ್ಕಿಂತ ಅಗಲ ಇದೆಯಲ್ಲ, ಅದನ್ನೇನು ಮಾಡ್ಲಿ?"

ರೈಲಣ್ಣ ನನ್ನ ಹೊಟ್ಟೆಯತ್ತ ನೋಡಿ, "ನಿಮ್ಮನ್ನ ಹೇಗೆ ಒಪ್ಕೊಂಡ್ರು ಸಾರ್?" ಎಂದು ಕೇಳಿದ.

ಒಂದು ಹಡಗು ಮುಗಿದರೆ ಆ ಭಾನುವಾರ ನಮ್ಮಲ್ಲಿ ಒಂದು ಆಟ. ಮಗಳು ಊರಿನ ಇನ್ನೊಂದು ತುದಿಯಲ್ಲಿರುತ್ತಾಳೆ, ಅವಳೂ ಬರುತ್ತಾಳೆ. ಊಟವಾದ ಮೇಲೆ ಇವಳು ಹಡಗನ್ನು ಮೇಜಿನ ನಡುವೆ ಇಡುತ್ತಾಳೆ, ನಾನೂ ಮಗಳೂ ಅದರಲ್ಲಿ ತಪ್ಪು ಹುಡುಕಬೇಕು. ಸಿಕ್ಕರೆ ಪಾತ್ರೆ ಅವಳು ತೊಳೆಯುತ್ತಾಳೆ, ಸಿಗದಿದ್ದರೆ ನಾವು. ಮಗಳು ಫ್ರಾಕ್ ತೊಡುತ್ತಿದ್ದ ಕಾಲದಿಂದಲೂ ಪಾತ್ರೆ ತೊಳೆದದ್ದು ನಾವೇ.

ಒಂದು ಸಲ ಗೆದ್ದೇಬಿಟ್ಟೆ ಎಂದುಕೊಂಡಿದ್ದೆ. ವಿಮಾನ ಏಳುವ ಇಳಿಯುವ ಮೇಲಿನ ಹಾಸಿಗೆ ಡೆಕ್ಕು ಎನ್ನುತ್ತಾರೆ, ಅದರ ಅಂಚಿನ ಕಂಬಗಳೆಲ್ಲ ಹೊರಗೆ ವಾಲಿಕೊಂಡು ಅಡ್ಡಡ್ಡ ಬಿದ್ದಿದ್ದವು. ತೋರಿಸಿದೆ. ಅವಳು ತಾಳ್ಮೆಯಿಂದ ಹೇಳಿದಳು: "ಬಿದ್ದಿಲ್ಲ ರೀ, ಮಲಗಿಸಿರೋದು. ಅವು ರೇಡಿಯೋ ಕಂಬಗಳು. ನಿಂತೇ ಇದ್ರೆ ರೆಕ್ಕೆಗೆ ತಗುಲಲ್ವಾ? ವಿಮಾನ ಏಳುವಾಗ ಕಂಬ ಮಲಗುತ್ತೆ, ವಿಮಾನ ಕೆಳಗಿನ ಅಂತಸ್ತಲ್ಲಿ ಮಲಗಿದ್ರೆ ಕಂಬ ಏಳುತ್ತೆ. ನೆನಪಿಟ್ಕೊಳ್ಳಿ." ನೆನಪಿಟ್ಟುಕೊಂಡೆ. ಡ್ರೈವರ್ ಆದವನು ಇಂಥದ್ದನ್ನು ಮರೆಯುವುದಿಲ್ಲ. ಗೇಟು ಎದ್ದರೆ ಬಸ್ಸು, ಗೇಟು ಬಿದ್ದರೆ ರೈಲು, ಅಷ್ಟೇ ತಾನೇ.

ಆದರೆ ಅವಳಿಗೆ ಇಷ್ಟವಾದದ್ದು ಕಂಬ ನಿಂತ ಹಡಗೇ. ಕಂಬ ನಿಂತರೆ ಕಂಬದಿಂದ ಕಂಬಕ್ಕೆ ತಂತಿ ಎಳೆಯಬೇಕಾಗುತ್ತದೆ. ಉಳಿದ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಮೆತ್ತಗಾಗಿಸಿ ಎರಡೂ ಕೈಯಲ್ಲಿ ಹಿಡಿದೆಳೆದರೆ ಕೂದಲಿಗಿಂತ ತೆಳ್ಳಗಿನ ಎಳೆ ಬರುತ್ತದೆ. ಅದನ್ನು ಚಿಮುಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕಂಬದ ತುದಿಗೆ ತಾಗಿಸುತ್ತಿದ್ದಳು. ಆಗ ನಾನು ಫ್ಯಾನ್ ಆರಿಸಿ ಬೆವರುತ್ತ ಕೂರುತ್ತಿದ್ದೆ. ಕೆಮ್ಮುವುದಕ್ಕೂ ಅಪ್ಪಣೆ ಇರಲಿಲ್ಲ.

ಒಂದು ಹಡಗು ಮಾತ್ರ ಅವಳಿಗೆ ಸಿಕ್ಕಿರಲಿಲ್ಲ. ಮೇಷ್ಟ್ರು ಕಟ್ಟಬೇಕೆಂದು ಆಸೆಪಟ್ಟು ಕಟ್ಟದೆ ಹೋದದ್ದು ಅದು. ಅದರ ಸರಿಯಾದ ಕಿಟ್ ಮಾಡುವುದನ್ನು ಎಂದೋ ನಿಲ್ಲಿಸಿದ್ದರು. ಕೊನೆಗೆ ತೀರಿಕೊಂಡ ಒಬ್ಬರ ಮನೆಯ ಅಟ್ಟದಲ್ಲಿ, ಸೀಲು ಸಹ ಒಡೆಯದ ಒಂದು ಪೆಟ್ಟಿಗೆ ರೈಲಣ್ಣನ ಕೈಗೆ ಸಿಕ್ಕಿತು. ಅದನ್ನು ಮನೆಗೆ ತಂದ ಇವಳು ಮುಚ್ಚಳ ತೆರೆಯದೆ ಬೀರುವಿನ ಮೇಲೆ ಇಟ್ಟಳು. ವಾರಗಳಾದರೂ ತೆರೆಯಲಿಲ್ಲ. ಹಸಿದವಳ ಮುಂದೆ ತಟ್ಟೆ ಇಟ್ಟರೂ ಕೈ ಹಾಕದಿದ್ದರೆ ಏನೆಂದುಕೊಳ್ಳಬೇಕು? ಭಯಭಕ್ತಿ ಇರಬೇಕು ಎಂದುಕೊಂಡೆ. ಅದರಲ್ಲಿ ಅರ್ಧ ಮಾತ್ರ ನಿಜವಾಗಿತ್ತು.

ಆ ಹೊತ್ತಿಗೆ ಬೇರೆ ಏನೇನೋ ಶುರುವಾಗಿತ್ತು. ರಸ್ತೆ ದಾಟುವಾಗ ಎಡಗಡೆಯಿಂದ ಬಂದ ಸೈಕಲ್ಲು ಅವಳಿಗೆ ಕಾಣಲೇ ಇಲ್ಲ, ನಾನು ತೋಳು ಹಿಡಿದು ಎಳೆದೆ. ಲೋಟಕ್ಕೆ ಬಗ್ಗಿಸಿದ ಚಹಾ ಮೇಜಿಗೆ ಹೋಯಿತು. ಅವಳು ಕೂರಿಸಿದ ಹಲ್ಲಿನ ಸೆಟ್ಟು, ಮೇಲಿನದಕ್ಕೂ ಕೆಳಗಿನದಕ್ಕೂ ಹೊಂದುತ್ತಿಲ್ಲವೆಂದು ವಾಪಸ್ ಬಂತು, ಮತ್ತೆ ಇನ್ನೊಂದು ಬಂತು. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುವ ಹಾಗೆ ಅಚ್ಚಿನ ಪ್ಲಾಸ್ಟರ್ ಸರಿಯಿಲ್ಲ ಎಂದಳು. ಆ ಮಾತು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಕಣ್ಣಿನ ಡಾಕ್ಟರ ಹತ್ರ ಹೋಗಿ ಬರೋಣ," ಎಂದೆ.

"ವರ್ಷಾವರ್ಷ ನಿಮ್ಮ ಕಣ್ಣು ನೋಡೋಕೆ ಕಂಪನಿ ಇದೆ. ನನ್ನ ಕಣ್ಣು ನಾನು ನೋಡ್ಕೋತೀನಿ."

"ಕಣ್ಣನ್ನ ಯಾವ ಕಣ್ಣಲ್ಲಿ ನೋಡ್ಕೋತೀಯೆ?"

ಇನ್ನೊಂದು ದಿನ ನಾನು ಫ್ಯಾನ್ ಒರೆಸಲು ಹತ್ತಿದ ಸ್ಟೂಲನ್ನು ಅಲ್ಲೇ ಬಿಟ್ಟಿದ್ದೆ. ಅವಳು ಎಡವಿ, ಮೊಣಕಾಲು ಹಿಡಿದುಕೊಂಡು, "ಈ ಮನೇಲಿ ಯಾವುದನ್ನೂ ಇದ್ದ ಜಾಗದಿಂದ ಜರುಗಿಸಬೇಡಿ" ಎಂದು ಕೂಗಿದಳು. ಅದು ಅವಳ ಅಮ್ಮನ ಮಾತು. ಅತ್ತೆ ಮನೆಯಲ್ಲಿ ಒಂದು ಮಣೆಯನ್ನೂ ಸರಿಸಲು ಬಿಡುತ್ತಿರಲಿಲ್ಲ, ನಾವೆಲ್ಲ ಅವರ ಶಿಸ್ತನ್ನು ಹೊಗಳುತ್ತಿದ್ದೆವು. ಎರಡೂ ಕಣ್ಣು ಪೂರ್ತಿ ಹೋದ ಮೇಲೆ ಗೊತ್ತಾಯಿತು, ಅವರು ವರ್ಷಗಟ್ಟಲೆ ಲೆಕ್ಕದ ಮೇಲೆ ನಡೆದಾಡುತ್ತಿದ್ದರು ಎಂದು.

ಆ ವಾರವೇ ಅವಳು ಪೆಟ್ಟಿಗೆ ತೆರೆದಳು. ಲ್ಯಾಬಿನಿಂದ ಬಂದವಳೇ ಕಿಟಕಿಯ ಬೆಳಕಿಗೆ ಕೂರುತ್ತಿದ್ದಳು. ಡಾಕ್ಟರ ಮಾತೆತ್ತಿದರೆ, "ಇದೊಂದು ಮುಗೀಲಿ" ಎನ್ನುತ್ತಿದ್ದಳು. ಫ್ಯಾನ್ ಆರಿಸಲು ಅವಳು ಒಮ್ಮೆಯೂ ಹೇಳಲಿಲ್ಲ. ಸೆಕೆಯಲ್ಲಿ ಬೇಯುವುದು ತಪ್ಪಿತಲ್ಲ ಎಂದು ನಾನು ಸುಮ್ಮನಿದ್ದೆ.

ಹಡಗು ಮುಗಿಯಿತು, ಮಗಳು ಬಂದಳು, ಊಟ ಆಯಿತು. ಇವಳು ಎಂದಿನಂತೆ ಹಡಗನ್ನು ತಂದು ಮೇಜಿನ ನಡುವೆ ಇಟ್ಟಳು, ಇಡುವ ಮೊದಲು ಮೇಜಿನ ಅಂಚನ್ನು ಕೈಯಿಂದ ಸವರಿ ನೋಡಿಕೊಂಡಳು. ಬೂದು ಬಣ್ಣದ, ನೀಳವಾದ, ಚೆಂದದ ಹಡಗು. ಡೆಕ್ಕಿನ ಮೇಲೆ ಒಂದೇ ಒಂದು ವಿಮಾನವಿರಲಿಲ್ಲ. ಅಂಚಿನ ಕಂಬಗಳೆಲ್ಲ ಮಲಗಿದ್ದವು, ತಂತಿ ಎಲ್ಲೂ ಇರಲಿಲ್ಲ.

"ವಿಮಾನ ಎಲ್ಲಮ್ಮಾ?" ಮಗಳು ಕೇಳಿದಳು.

"ಕೆಳಗಿನ ಅಂತಸ್ತಲ್ಲಿ ನಿಲ್ಲಿಸಿದ್ದಾರೆ."

"ತಂತಿ?"

"ಕಂಬ ಇಳಿಸಿದೆಯಲ್ಲ, ತಂತಿ ಜೋತುಬಿದ್ದಿರುತ್ತೆ. ಈ ಅಳತೆಗೆ ಅದು ಕಾಣಲ್ಲ."

"ಸೋತೆ ಕಣಮ್ಮ. ಪಾತ್ರೆ ನಂದೇ," ಎಂದು ಮಗಳು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ನಾನು ಹಡಗನ್ನೇ ನೋಡುತ್ತಿದ್ದೆ. ಕಂಬ ಮಲಗಿದೆ ಎಂದರೆ ವಿಮಾನ ಏಳುತ್ತಿರಬೇಕು. ವಿಮಾನ ಕೆಳಗಿದೆ ಎಂದರೆ ಕಂಬ ನಿಂತಿರಬೇಕು. ಅವಳೇ ಹೇಳಿಕೊಟ್ಟ ಪಾಠ. ಹೊಟ್ಟೆ ಅಗಲವಾಯಿತೆಂದು ಕಿಟ್ ವಾಪಸ್ ಕೊಟ್ಟವಳು ಈ ತಪ್ಪನ್ನು ಮರೆತು ಮಾಡುವವಳಲ್ಲ. ಕಂಬ ನಿಲ್ಲಿಸಿದರೆ ತಂತಿ ಎಳೆಯಬೇಕು, ವಿಮಾನ ಇಟ್ಟರೆ ಸಾಸಿವೆಯಂಥ ಚಕ್ರಗಳನ್ನು ಅಂಟಿಸಬೇಕು. ಎರಡೂ ಅವಳ ಕೈಲಿ ಆಗಲಿಲ್ಲ. ಇಷ್ಟು ವರ್ಷ ಗೆಲ್ಲಬೇಕೆಂದಿದ್ದ ಆಟವನ್ನು ನಾನು ಗೆದ್ದಿದ್ದೆ. ಸುಮ್ಮನಿದ್ದುಬಿಡಲೇ ಎನ್ನಿಸಿತು. ಅತ್ತೆಯ ಮನೆಯ ಮಣೆ ನೆನಪಾಯಿತು.

"ವಿಮಾನ ಕೆಳಗಿದ್ರೆ ಕಂಬ ಯಾಕೆ ಮಲಗಿದೆ?" ಎಂದೆ.

ಅವಳು ಮುಖವನ್ನು ಎಡಕ್ಕೆ ತಿರುಗಿಸಿ, ಬಲಗಣ್ಣೊಂದರಿಂದಲೇ, ಹಕ್ಕಿ ನೋಡುವ ಹಾಗೆ ಹಡಗನ್ನು ನೋಡಿದಳು. ನಾನು ಏನಾದರೊಂದು ನೆಪ ಬರುತ್ತದೆಂದು ಕಾದೆ, ಬಂದರೆ ಸಾಕೆಂದೂ ಆಸೆಪಟ್ಟೆ.

"ತಪ್ಪು," ಎಂದಳು. "ಇಂಥ ಹಡಗು ಯಾವ ತಿಂಗಳಲ್ಲೂ ಇರಲಿಲ್ಲ."

"ಎಷ್ಟು ಕಾಣುತ್ತೆ, ನಿಜ ಹೇಳು."

"ಎಡಗಣ್ಣಲ್ಲಿ ನಡುವೆ ಒಂದು ಚೂರು. ಅದೂ ಮಂಜು. ಎಳೆ ಕಂಬದ ಹತ್ರ ಹೋಗುತ್ತೆ, ಮುಂದಿದೆಯೋ ಹಿಂದಿದೆಯೋ ಗೊತ್ತಾಗಲ್ಲ. ಅಂಟು ಗಾಳಿಗೆ ಹಚ್ತೀನಿ."

"ಯಾವಾಗಿಂದ?"

"ಪೆಟ್ಟಿಗೆ ಬರೋಕೆ ಮುಂಚೆಯಿಂದ. ಹೇಳಿದ್ರೆ ನೀವು ಅವತ್ತೇ ಎಲ್ಲಾ ಬಿಡಿಸ್ತಿದ್ರಿ. ಇದೊಂದು ಮುಗಿಸಿ ಹೇಳೋಣ ಅಂತಿದ್ದೆ. ಅಮ್ಮನ ಕಣ್ಣೂ ಹೀಗೇ ಶುರುವಾಗಿದ್ದು. ನಂಗೆ ಭಯ ರೀ."

ನನಗೆ ಬಂದದ್ದು ಸಿಟ್ಟು. ಒಂದು ಹಡಗಿಗೆ ಒಂದು ಕಣ್ಣು ಕೊಟ್ಟುಬಿಟ್ಟವಳಿಗೆ ಏನನ್ನಬೇಕು? ಆ ಹಡಗನ್ನೆತ್ತಿ ಗೋಡೆಗೆ ಒಗೆಯಬೇಕೆನ್ನಿಸಿತು. ಒಳಗೆ ಮಗಳು ನಲ್ಲಿ ನಿಲ್ಲಿಸಿದ್ದು ಕೇಳಿತು. ಅವಳು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ನಾನು ಕೈ ಮಡಚಿಕೊಂಡು ಕೂತೆ.

ಕಣ್ಣಿನ ಆಸ್ಪತ್ರೆಯಲ್ಲಿ ಗ್ಲಾಕೋಮಾ ಎಂದರು, ಕಣ್ಣಿನೊಳಗಿನ ಒತ್ತಡ ಹೆಚ್ಚಿ ಒಳಗಿನ ನರ ಸದ್ದಿಲ್ಲದೆ ಸಾಯುವ ಕಾಯಿಲೆಯಂತೆ. ಡಾಕ್ಟರಮ್ಮ ನಮ್ಮ ಮಗಳ ವಯಸ್ಸಿನವರು. "ಎಡಗಣ್ಣಲ್ಲಿ ಹೋಗಿರೋದು ವಾಪಸ್ ಬರಲ್ಲಮ್ಮ," ಎಂದರು. "ಬಲಗಣ್ಣಲ್ಲೂ ಶುರುವಾಗಿದೆ. ಡ್ರಾಪ್ಸ್ ಬಿಡದೆ ಹಾಕ್ಕೊಂಡ್ರೆ ಅದನ್ನ ಉಳಿಸಬಹುದು. ಇನ್ನೂ ಮುಂಚೆ ಬಂದಿದ್ರೆ ಎರಡನ್ನೂ ಉಳಿಸಬಹುದಿತ್ತು."

ಇವಳು ತಲೆಯಾಡಿಸಿದಳು, ಕಣ್ಣಲ್ಲಿ ನೀರು ಬರಲಿಲ್ಲ. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದಾಗ, ಅಮ್ಮನಿಗೆ ಎಂದಳು.

"ಹಾಗಾದ್ರೆ ಮಕ್ಕಳಿಗೂ ನೋಡಿಸಬೇಕು," ಎಂದರು ಡಾಕ್ಟರಮ್ಮ.

ಮಗಳು ಅವಳ ಎಡಗಡೆ ಕೂತಿದ್ದಳು. ಅವಳನ್ನು ನೋಡಲು ಇವಳು ಇಡೀ ಮೈ ತಿರುಗಿಸಬೇಕಾಯಿತು. ಆಗ ಅತ್ತಳು. "ನಾನು ಬಾಯಿ ಮುಚ್ಕೊಂಡಿದ್ದಿದ್ರೆ ಇವಳದ್ದೂ ಯಾರಿಗೂ ಗೊತ್ತಾಗ್ತಿರಲಿಲ್ಲ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಮೂಗು ಒರೆಸಿಕೊಂಡು, "ಏಳೇ, ಆ ಮೆಷಿನ್ ಮುಂದೆ ಕೂತ್ಕೋ, ಈಗಲೇ" ಎಂದು ಮಗಳನ್ನು ಗದರಿದಳು. ಮಗಳ ಕಣ್ಣಿನ ಒತ್ತಡ ಸದ್ಯಕ್ಕೆ ಗಡಿಯಲ್ಲಿದೆ, ಆಗಾಗ ಬಂದು ತೋರಿಸುತ್ತಿರಬೇಕು ಎಂದರು.

ಲ್ಯಾಬಿನಲ್ಲಿ ಅವಳನ್ನು ಹಲ್ಲು ಕೂರಿಸುವ ಮೇಜಿನಿಂದ ಎಬ್ಬಿಸಿ ಅಚ್ಚಿಗೆ ಪ್ಲಾಸ್ಟರ್ ಹುಯ್ಯುವ ಕಡೆ ಹಾಕಿದರು. ಅದು ಹೊಸಬರಿಗೆ ಕೊಡುವ ಕೆಲಸ. ಮನೆಗೆ ಬಂದವಳು ಕೈಗೆ ಅಂಟಿದ ಬಿಳಿಯನ್ನು ತುಂಬ ಹೊತ್ತು ಉಜ್ಜಿ ತೊಳೆಯುತ್ತಾಳೆ. ಬೆಳಿಗ್ಗೆ ಸಂಜೆ ಡ್ರಾಪ್ಸ್ ಹಾಕುವವನು ನಾನು. ಅವಳು ತಲೆ ಹಿಂದಕ್ಕೆ ವಾಲಿಸಿ, "ಒಂದು ತೊಟ್ಟು, ಎರಡಲ್ಲ" ಎಂದು ಹೇಳದ ದಿನವಿಲ್ಲ.

ಹಡಗು ಬೀರುವಿನ ಹೊರಗೇ ಇತ್ತು. ತಪ್ಪು ಹಡಗನ್ನು ಉಳಿದವುಗಳ ಪಕ್ಕ ಇಡಲು ಅವಳಿಗೆ ಮನಸ್ಸಿರಲಿಲ್ಲ. ಕಂಬಗಳು ಗಟ್ಟಿಯಾಗಿ ಅಂಟಿದ್ದವು, ಎತ್ತಿದರೆ ಮುರಿಯುತ್ತಿದ್ದವು. ಉಳಿದ ದಾರಿ ಒಂದೇ, ವಿಮಾನಗಳು ಮೇಲೆ ಬರಬೇಕು. ಒಂದು ಸಂಜೆ ನಾನೇ ಚಿಮುಟ ಹಿಡಿದು ಕೂತೆ. ಬಸ್ಸಿನ ಸ್ಟಿಯರಿಂಗ್ ತಿರುಗಿಸಿ ತಿರುಗಿಸಿ ದಪ್ಪವಾದ ಬೆರಳುಗಳು ನನ್ನವು. ರೆಕ್ಕೆ ಬೆರಳಿಗಂಟಿತು, ಒಂದು ಚಕ್ರ ನೆಲಕ್ಕೆ ಬಿದ್ದು ಎಲ್ಲಿ ಹೋಯಿತೋ ಸಿಗಲೇ ಇಲ್ಲ. ಪಕ್ಕದಲ್ಲಿ ಕೂತು ಅವಳು ಹೇಳಿಕೊಡುತ್ತಿದ್ದಳು: "ಅಂಟು ಜಾಸ್ತಿ ಆಯ್ತು. ಉಸಿರು ಹಿಡೀರಿ. ಈಗ ಇಡಿ." ಈ ಸಲ ಫ್ಯಾನ್ ಆರಿಸಿದವಳು ಅವಳು.

ಕೊನೆಗೂ ಡೆಕ್ಕಿನ ತುದಿಯಲ್ಲಿ ಒಂದು ವಿಮಾನ ನಿಂತಿತು. ಅವಳು ಕಿರುಬೆರಳ ತುದಿಯನ್ನು ಮೆಲ್ಲಗೆ ಅದರ ಹೊಟ್ಟೆಯ ಕೆಳಗೆ ಆಡಿಸಿ ನೋಡಿದಳು.

"ಮುಂದಿನ ಚಕ್ರ ಡೆಕ್ಕಿಗೆ ತಾಗಿಲ್ಲ," ಎಂದಳು.

ಕಿತ್ತು ಮತ್ತೆ ಅಂಟಿಸಲು ನಾನು ಚಿಮುಟ ಎತ್ತಿಕೊಂಡೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಬಿಡಿ," ಎಂದಳು. "ಈಗ ತಾನೇ ಮೇಲೆ ಏಳ್ತಾ ಇದೆ."