ಎಣ್ಣೆನೀರು ಕಂಡ ಇಟ್ಟಿಗೆ

ಕಳೆದ ಶುಕ್ರವಾರ ನಮ್ಮ ಮನೆಯಲ್ಲಿ ಇಟ್ಟಿಗೆಗಳಿಗೆ ಅಭ್ಯಂಜನವಾಯಿತು.

ನಗಬೇಡಿ. ಮರದ ಆಟದ ಇಟ್ಟಿಗೆಗಳು. ಏಳು ವರ್ಷದ ಮಗಳು ಕಮಲಿಯ ಗೊಂಬೆಗೆ ಮದುವೆ ಗೊತ್ತಾಗಿತ್ತು. ಗಂಡುಗೊಂಬೆ, ಜಗಳೂರಿನಿಂದ ಪಕ್ಕದ ಮನೆಗೆ ರಜಕ್ಕೆ ಬಂದಿದ್ದ ಶಾಂತಿಯದು. ಈ ಪುಟ್ಟ ಬೀಗಿತ್ತಿಯ ಷರತ್ತು ಒಂದೇ: "ಮನೆ ಇಲ್ದೋರ ಹೆಣ್ಣು ನಮಗೆ ಬ್ಯಾಡ."

ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಬೀಗಿತ್ತಿ ಊರಿಗೆ ವಾಪಸು. ಅಷ್ಟರೊಳಗೆ ಮನೆ ನಿಲ್ಲಬೇಕು.

ಹಿಂದಿನ ದಿನ ಕೆಲಸದ ಮೇಲೆ ನ್ಯಾಮತಿಗೆ ಹೋಗಿದ್ದೆ. ರಹಮಾನ್ ಸಾಬರ ಅಂಗಡಿಯಲ್ಲಿ ಆಟದ ಇಟ್ಟಿಗೆಯ ಎರಡು ಪೆಟ್ಟಿಗೆ ಇದ್ದವು. ಸೀಮೆಯಿಂದ ಹಡಗಿನಲ್ಲಿ ಬಂದದ್ದಕ್ಕೆ ಮೂರು ರೂಪಾಯಿ. ಚನ್ನಗಿರಿಯ ಬಡಗಿ ಮಾಡಿದ್ದಕ್ಕೆ ಹನ್ನೆರಡಾಣೆ.

"ಯುದ್ಧಕ್ಕೆ ಮುಂಚೆ ಬಂದ ಮಾಲು ರೀ. ಇನ್ನು ನೋಡಾಕೂ ಸಿಗಲ್ಲ," ಎಂದು ಸಾಬರು ಸೀಮೆಯದನ್ನು ಮುಂದೆ ತಳ್ಳಿದರು.

ನನ್ನದು ಪತ್ರಿಕೆಗೆ ಬರೆಯುವವನ ಚಾಳಿ. ಎರಡನ್ನೂ ಅಲ್ಲೇ ಹಲಗೆಯ ಮೇಲೆ ಪೇರಿಸಿ ನೋಡಿದೆ. ಸೀಮೆಯದರ ಫಿನಿಷಿಂಗ್ ಬಲು ಚೆಂದ. ಅಳತೆ ಒಂದೇ ಸಮ. ಮೈಮೇಲೆ ಅಂಟಿಸಿದ ಬಣ್ಣದ ಕಾಗದ, ಕಾಗದದಲ್ಲಿ ಕಿಟಕಿ, ಕಿಟಕಿಯಲ್ಲೊಂದು ಬೆಕ್ಕು. ಆದರೆ ನುಣುಪು ಹೆಚ್ಚು, ನಾಲ್ಕು ಸಾಲು ಏರುವಷ್ಟರಲ್ಲಿ ಜಾರಿದವು. ಚನ್ನಗಿರಿಯದು ಒರಟು. ಬಣ್ಣವಿಲ್ಲ, ಬೆಕ್ಕಿಲ್ಲ. ಆದರೆ ಒಂದರ ಮೇಲೊಂದು ಕಚ್ಚಿ ಕೂತವು.

"ಇದನ್ನೇ ಕೊಡಿ ಸಾಬರೇ."

"ಮನೆ ಕಟ್ಟೋರು ನೀವೋ, ಮಗಳೋ? ಬೆಕ್ಕು ಕಂಡ್ರೆ ಕುಣಿತಿತ್ತು ಕೂಸು!"

ಪೆಟ್ರೋಲಿನ ಬರಕ್ಕೆ ಇದ್ದಲು ಗ್ಯಾಸಿನಲ್ಲಿ ಓಡುವ ಬಸ್ಸು ನಮ್ಮ ಹೊನ್ನಾಳಿ ಮುಟ್ಟಿದಾಗ ಸಂಜೆ. (ಏರಿನಲ್ಲಿ ಇಳಿದು ತಳ್ಳಿದ್ದೂ ಆಯಿತು.) ಕಮಲಿ ಕೈಯಿಡುವ ಮೊದಲೇ ನನ್ನ ಅವ್ವ ಪೆಟ್ಟಿಗೆಯನ್ನು ಒಳಗೆ ಒಯ್ದಳು. ಅವ್ವನ ಕಾನೂನಿನಲ್ಲಿ, ಲಟ್ಟಣಿಗೆಯಿರಲಿ ಕಡಗೋಲಿರಲಿ, ಮನೆಗೆ ಬಂದ ಹೊಸ ಮರ ಮೊದಲು ಹರಳೆಣ್ಣೆ ಕುಡಿಯಬೇಕು.

ಬೆಳಿಗ್ಗೆ ಶಾಂತಿ ಗಂಡನ್ನು ಎತ್ತಿಕೊಂಡು ಬಂದಳು. ಆಗಷ್ಟೇ ಎಣ್ಣೆನೀರು ಮುಗಿಸಿದ್ದ ಕಮಲಿ ಒದ್ದೆ ತಲೆಯಲ್ಲೇ ಕಟ್ಟಲು ಕೂತಳು. ಎಣ್ಣೆಗೆ ಗೋಡೆ ಜಾರಿತು. ಮತ್ತೆ ಕಟ್ಟಿದಳು. ಮತ್ತೆ ಜಾರಿತು.

"ಹಿಂಗಾದ್ರೆ ನಾವು ಹೊರಡ್ತೀವಿ ಬಿಡ್ರಿ," ಎಂದಳು ಬೀಗಿತ್ತಿ.

ಕಮಲಿಯ ಕೆಳತುಟಿ ಮುಂದೆ ಬಂತು. ಅವ್ವನಿಗೂ ಕಸಿವಿಸಿ. "ಎಣ್ಣೆ ಹಾಕ್ದಿದ್ರೆ ಮರ ಸೀಳು ಬಿಡ್ತೈತೆ ಕಣೇ!" ನಾನು? ಬೆಲೆ ಹೋಲಿಸಿದ್ದೆ, ಕ್ವಾಲಿಟಿ ಹೋಲಿಸಿದ್ದೆ. ಅವ್ವನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಅಜ್ಜಿ, ನಂಗೆ ಎಣ್ಣೆ ಹಚ್ಚಿ ಹಂಗೇ ಬಿಡ್ತೀಯೇನು? ಇವಕ್ಕೂ ನೀರು ಹಾಕು!"

ಹಂಡೆಯಲ್ಲಿ ಬಿಸಿನೀರು ಉಳಿದೇ ಇತ್ತು. ಅವ್ವ ಒಂದೊಂದೇ ಇಟ್ಟಿಗೆಗೆ ಸೀಗೆಪುಡಿ ಹಾಕಿ, ಮೊಮ್ಮಗಳ ತಲೆ ತಿಕ್ಕಿದಂತೆಯೇ ತಿಕ್ಕಿ, ಅಂಗಳದ ಬಿಸಿಲಿಗೆ ಹರವಿದಳು. ಕಾಗೆ ಓಡಿಸಲು ಬೀಗಿತ್ತಿಯೇ ಕೂತಳು.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಮನೆ ನಿಂತಿತು. ತುಸು ವಾಲಿತ್ತು. ಆದರೂ ಬೀಗಿತ್ತಿ ಸುತ್ತ ತಿರುಗಿ ನೋಡಿ, ಕರಗಿಹೋದಳು. "ನಿಮ್ಮ ಅಳಿಯ ಇಲ್ಲೇ ಇರ್ಲಿ. ದಸರಾಕ್ಕೆ ಬಂದು ಇಬ್ರನ್ನೂ ಕರ್ಕೊಂಡು ಹೋಗ್ತೀನಿ."

ಮದುವೆಯಾಯಿತು. ಬಸ್ಸೂ ಸಿಕ್ಕಿತು.

ಸೀಮೆಯ ಪೆಟ್ಟಿಗೆ ನ್ಯಾಮತಿಯಲ್ಲಿ ಇನ್ನೂ ಇದೆ. ಕೊಳ್ಳುವವರು ಬೆಲೆ ಕೇಳಿ, ಅಳತೆ ನೋಡಿ. ಜೊತೆಗೆ ಇದನ್ನೂ ಕೇಳಿ: ಕಿಟಕಿಯ ಆ ಕಾಗದದ ಬೆಕ್ಕು ಒಂದು ಸಲದ ಸೀಗೆಪುಡಿಗೆ ತಡೆದೀತೇ?