ಆಯುಧಪೂಜೆಯ ದಿನ ತೆರೆದ ಹಿಮದ ರಸ್ತೆ

ಹೊಸಪೇಟೆಯ ನಮ್ಮ ಮನೆಯಲ್ಲಿ ಆಗ ಎಲ್ಲದರ ಮೇಲೂ ಕೆಂಪು ಧೂಳು ಕೂರುತ್ತಿತ್ತು. ಸಂಡೂರಿನ ಅದಿರು ಹೊತ್ತ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಕಾಲ. ನಮ್ಮ ಮನೆಯವರ ಲಾರಿಗಳೂ ಅವುಗಳ ನಡುವೆ ಇದ್ದುದರಿಂದ ಧೂಳನ್ನು ಬೈಯುವ ಹಕ್ಕು ನಮಗಿರಲಿಲ್ಲ. ಬೆಳಿಗ್ಗೆ ಒರೆಸಿದ ಟಿವಿಯ ಮೇಲೆ ಮಧ್ಯಾಹ್ನ ಬೆರಳಿನಿಂದ ರಂಗೋಲಿ ಎಳೆಯಬಹುದಿತ್ತು.

ಆ ಧೂಳಿನಲ್ಲಿ ವಿಡಿಯೊ ಗೇಮ್ ಯಂತ್ರಗಳನ್ನು ಬದುಕಿಸಿಕೊಂಡು ಬಂದವಳು ನಾನು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಮೊದಲು ಬಂದದ್ದು ಕ್ಯಾಸೆಟ್ ಸಿಕ್ಕಿಸುವ ಟಿವಿ ಗೇಮ್. ಚಿತ್ರ ಕಲೆಸಿದರೆ ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಮತ್ತೆ ಸಿಕ್ಕಿಸುವುದು. ಹೋದ ಕರೆಂಟು ಒಮ್ಮೆ ಜೋರಾಗಿ ಬಂದು ಅದರ ಅಡಾಪ್ಟರ್ ಸುಟ್ಟಿತು. ಆಮೇಲೆ ಬೂದು ಬಣ್ಣದ ಡಿಸ್ಕ್ ಯಂತ್ರ. ವಯಸ್ಸಾದಂತೆ ಅದು ತಲೆಕೆಳಗಾಗಿ ಇಟ್ಟರೆ ಮಾತ್ರ ಡಿಸ್ಕ್ ಓದುತ್ತಿತ್ತು. ಕೊನೆಗೆ ತೆಳ್ಳಗಿನ ಕಪ್ಪು ಯಂತ್ರ ಬಂತು. ಅದಕ್ಕೆ ಹಳೆ ಸೀರೆಯ ಗವಸು ಹೊಲಿದೆ, ಸ್ಟೆಬಿಲೈಸರ್ ಹಾಕಿಸಿದೆ. ಅದರ ಇಂಗ್ಲಿಷ್ ಪುಸ್ತಿಕೆಯನ್ನು, ನಾಳೆ ಕಾನ್ವೆಂಟಿನ ಸಿಸ್ಟರ್ ಪಾಠ ಒಪ್ಪಿಸಲು ಹೇಳುತ್ತಾರೇನೋ ಎಂಬಂತೆ ಓದಿದೆ. ಮುಚ್ಚಳ ತೆರೆದು, ಡಿಸ್ಕ್ ಓದುವ ಪುಟ್ಟ ಗಾಜಿನ ಲೆನ್ಸನ್ನು ಹತ್ತಿಯಿಂದ ಒರೆಸುವುದು ನನ್ನ ದಿನದ ಕೆಲಸಗಳಲ್ಲಿ ಒಂದಾಯಿತು.

ಹತ್ತು ವರ್ಷದ ಮಗಳಿಗೆ ಅದರಲ್ಲಿ ಕಾರು ಓಡಿಸುವ ಹುಚ್ಚು. ಎಲ್ಲ ರೇಸು ಗೆದ್ದವರಿಗೆ ಮಾತ್ರ ಕೊನೆಯಲ್ಲಿ ಒಂದು ಹಿಮದ ರಸ್ತೆ ತೆರೆಯುತ್ತದೆ. ಅವಳು ಅದನ್ನು ತೆರೆದಿದ್ದಳು. ಆದರೆ ಬೇಸಿಗೆ ರಜೆಗೆ ಕಂಪ್ಲಿಯಿಂದ ನಾದಿನಿ ತನ್ನ ಮಗನನ್ನು ಕರೆದುಕೊಂಡು ಬಂದಾಗಲೇ ಮೆಮೊರಿ ಕಾರ್ಡು ಕೈಕೊಟ್ಟಿತು. ಆಟದಲ್ಲಿ ಎಲ್ಲಿವರೆಗೆ ಮುಟ್ಟಿದ್ದೇವೆಂದು ನೆನಪಿಟ್ಟುಕೊಳ್ಳುವ ಕಾರ್ಡು ಅದು. ಅಗ್ಗದ್ದು ತಂದಿದ್ದೆವು, ಪೂರ್ತಿ ಖಾಲಿಯಾಗಿತ್ತು.

“ಹಿಮದ್ ರಸ್ತಿ ಅಂತ! ಸುಳ್ಳು ಹೇಳಾಕೂ ಒಂದ್ ಮಿತಿ ಬೇಕಲೇ” ಎಂದು ಆ ಹುಡುಗ ನಕ್ಕಿದ್ದ. ಆಮೇಲೆ ಫೋನ್ ಮಾಡಿದಾಗಲೂ, “ಅತ್ತೀ, ಸುಳ್ಳುಬುರುಕಿ ಅದಾಳೇನ್ರಿ?” ಎಂದೇ ಕೇಳುತ್ತಿದ್ದ.

ಮಗಳು ಅಳಲಿಲ್ಲ. ಹೊಸ ಕಾರ್ಡು ತರಿಸಿಕೊಂಡು ಮೊದಲ ರೇಸಿನಿಂದ ಶುರು ಮಾಡಿದಳು. ದಸರೆಯ ಹೊತ್ತಿಗೆ ಹಿಮದ ರಸ್ತೆ ಮತ್ತೆ ತೆರೆದಿತ್ತು. ಆಯುಧಪೂಜೆಗೆ ನಾದಿನಿ, ಅವಳ ಮಗ ಬಂದು ಸಂಜೆಯ ಬಸ್ಸಿಗೆ ಹಿಂತಿರುಗುವವರಿದ್ದರು.

ಆ ದಿನ ಲಾರಿಗಳಿಗೆ ಬಾಳೆಕಂದು, ಚೆಂಡುಹೂವು. ಮಿಕ್ಸಿಗೆ, ಹೊಲಿಗೆ ಯಂತ್ರಕ್ಕೆ ವಿಭೂತಿ, ಕುಂಕುಮ. ಊಟ ಮುಗಿಸಿ ಮಗಳು ಅವಸರದಲ್ಲಿ, ಒಳಗೆ ನೋಡದೆ ಡಿಸ್ಕ್ ಹಾಕಿದರೆ ಟಿವಿಯಲ್ಲಿ ಏನೂ ಇಲ್ಲ.

“ನಾ ಬಂದಾಗ ಮಾತ್ರ ಕೆಡತೈತಿ ನೋಡು ಇದು!” ಎಂದ ನಾದಿನಿಯ ಮಗ. ಮಗಳ ಕಿವಿ ಕೆಂಪಾಯಿತು.

ಮುಚ್ಚಳ ತೆರೆದು ಡಿಸ್ಕ್ ತೆಗೆದೆ. ಲೆನ್ಸನ್ನೂ ಮುಚ್ಚಿ ಅಡ್ಡಲಾಗಿ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮದ ಬೊಟ್ಟು.

“ನಾನ ಹಚ್ಚೀನವಾ” ಎಂದರು ಅತ್ತೆ, ಅಡುಗೆಮನೆಯ ಬಾಗಿಲಲ್ಲಿ ನಿಂತು. “ದಿನಾ ನೀ ಅದನ್ನ ಒರಸ್ತೀಯಲ್ಲ, ಅದ ಮುಖ್ಯ ಜಾಗ ಅಂತ ತಿಳಕೊಂಡೆ. ಹಚ್ಚಬಾರದಿತ್ತೇನು?”

ಬೈಯುವ ಬದಲು ಹತ್ತಿ ಕೈಗೆತ್ತಿಕೊಂಡೆ. ನನ್ನ ಕೆಲಸವನ್ನು ಅಷ್ಟು ಗಮನವಿಟ್ಟು ನೋಡಿದವರು ಮನೆಯಲ್ಲಿ ಅವರೊಬ್ಬರೇ.

ಮೇಲಿನದನ್ನು ಒರೆಸಿದರೂ ಕುಂಕುಮ ಸಂದಿಯಲ್ಲಿ ಇಳಿದಿತ್ತು. ತಳ ಬಿಚ್ಚಲೇಬೇಕು. ಆದರೆ ಸ್ಕ್ರೂಡ್ರೈವರ್ ದೇವರ ಮುಂದೆ, ಹೂವಿನ ಅಡಿಯಲ್ಲಿ.

“ಪೂಜಿಗಿಟ್ಟ ಸಾಮಾನು ನಾಳಿಮಟ ಮುಟ್ಟಬಾರ್ದು ಅತ್ತಿಗಿ” ಎಂದಳು ನಾದಿನಿ.

ಅತ್ತೆ ಮೊಮ್ಮಗಳ ಮುಖ ನೋಡಿದರು. “ಲಾರಿ ಪೂಜಿ ಮಾಡಿ ಒಂದ್ ಸುತ್ತು ಓಡಸ್ತಾರಿಲ್ಲೇನು? ಇದೂ ಹಂಗ. ಓಡಲಾರದ್ದಕ್ಕ ಪೂಜಿ ಮಾಡಿ ಏನ್ ಬಂತು?” ಎಂದವರೇ ಹೂ ಸರಿಸಿ, ಸ್ಕ್ರೂಡ್ರೈವರನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗಿಟ್ಟರು.

“ಹಂಗಾದ್ರ ಲಿಂಬಿಹಣ್ಣೂ ಇಡಜ್ಜಿ!” ಎಂದ ಹುಡುಗ, ಹಾಸ್ಯಕ್ಕೆ. ಅತ್ತೆ ನಿಜವಾಗಿಯೂ ಒಂದನ್ನು ತಂದು ಪಕ್ಕದಲ್ಲಿಟ್ಟರು.

ಟವೆಲ್ಲಿನ ಮೇಲೆ ಯಂತ್ರ ಮಗುಚಿದೆ. ಬಿಚ್ಚಿದ ಸ್ಕ್ರೂಗಳನ್ನು ಸ್ಟೀಲ್ ತಟ್ಟೆಯಲ್ಲಿ, ಅವು ಇದ್ದ ಜಾಗದ ಪ್ರಕಾರವೇ ಜೋಡಿಸಿಟ್ಟೆ. ಮಗಳ ಚಿತ್ರದ ಕುಂಚದಿಂದ ಪುಡಿ ಉದುರಿಸಿ, ಗಾಯಕ್ಕೆ ಹಚ್ಚುವ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿದೆ. ಸ್ಕ್ರೂಗಳನ್ನು ಮತ್ತೆ ಬಿಗಿದು ಡಿಸ್ಕ್ ಹಾಕಿದೆ. ನಾದಿನಿ ಎಲೆ ಅಡಿಕೆ ಜಗಿಯುವುದನ್ನೇ ನಿಲ್ಲಿಸಿ ನೋಡುತ್ತಿದ್ದಳು.

ಯಂತ್ರ ಗುಂಯ್ಯೆಂದಿತು. ರಸ್ತೆಗಳ ಸಾಲು ಮೂಡಿತು. ಎಲ್ಲಕ್ಕಿಂತ ಕೆಳಗೆ ಬೆಳ್ಳಗೆ ಹಿಮದ ರಸ್ತೆ.

ಹುಡುಗ ಟಿವಿಯ ಹತ್ತಿರ ಹೋಗಿ ನೋಡಿದ. “ಯಾರರ ಆಡಿ ಕೊಟ್ಟಿರಬೇಕು.”

“ಹಂಗಾರ ಬಾ, ಕುಂದ್ರು. ಓಡಸು” ಎಂದಳು ಮಗಳು.

ಮೊದಲ ತಿರುವಿನಲ್ಲೇ ಅವನ ಕಾರು ಜಾರಿ ಹಿಮದಲ್ಲಿ ಹೂತಿತು. ತನ್ನ ಸರದಿ ಬಂದಾಗ ಮಗಳು ತಿರುವಿಗೆ ಸ್ವಲ್ಪ ಮೊದಲೇ ವೇಗದ ಗುಂಡಿಯ ಮೇಲಿನ ಹೆಬ್ಬೆರಳು ಸಡಿಲಿಸುತ್ತಿದ್ದಳು, ಉಸಿರು ಹಿಡಿಯುತ್ತಿದ್ದಳು. ಅವಳ ಕಾರು ದಾರ ಎಳೆದಂತೆ ಹೋಯಿತು. ಅವನು ಮತ್ತೆ ಶುರು ಮಾಡಿದ, ಮತ್ತೆ ಹೂತ. ನಗುವವರು ಯಾರೂ ಇರಲಿಲ್ಲ, ಮಗಳೂ ನಗಲಿಲ್ಲ. ಅದು ನನಗೆ ಅವಳ ಗೆಲುವಿಗಿಂತ ಹಿತವೆನಿಸಿತು.

ನಾದಿನಿ ಚೀಲ ಹಿಡಿದು ಎದ್ದಳು. “ಏಳಲೇ, ಬಸ್ ಹೊಕ್ಕತಿ!”

ಅವನು ಟಿವಿಯಿಂದ ಕಣ್ಣು ಕೀಳಲಿಲ್ಲ. “ಮುಂದಿನ್ ಬಸ್ಸಿಗೆ ಹೋಗೂಣ ತಡಿಯವ್ವಾ. ಆಕಿ ಹೇಳಿಕೊಡಾಕತ್ತಾಳ.”